ಸೊನ್ನೆ ಬರಬೇಕಾದ ಕಡೆ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದಿದ್ದ ಕಾಲ. ಬೆಳಗ್ಗೆ ಹಾಲಿನವನು ಬಂದುಹೋದ ಹೊತ್ತು. ಲಾಂಡ್ರಿಯ ಗಂಜಿಯಣ್ಣ ಸ್ಟೂಲಿನ ಮೇಲೆ ನಿಂತು ಮೀಟರ್ ಪೆಟ್ಟಿಗೆಗೆ ಕಟ್ಟಿದ್ದ ಜೇಡರ ಬಲೆ ತೆಗೆಯುತ್ತಿದ್ದ. ಅಂಗಡಿಯ ಕೆಲಸ ಇನ್ನೂ ಶುರುವಾಗಿರಲಿಲ್ಲ. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಫ್ಯಾನು ನಿಂತಿತ್ತು. ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಆದರೂ ಮೀಟರಿನ ಪುಟ್ಟ ಕೆಂಪು ದೀಪ ಮಿನುಗಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಮಿನುಗಿತು.

"ಏ, ಇಲ್ಲಿ ಬಾರೇ. ಯಾವುದಾದ್ರೂ ಸ್ವಿಚ್ಚು ಹಾಕಿದೀಯಾ?" ಎಂದು ಹೆಂಡತಿಯನ್ನು ಕೂಗಿದ.

"ಎಲ್ಲಾ ಆರಿಸಿದೆ. ಒರೆಸೋಕೆ ಅಂತ ಫ್ರಿಜ್ಜನ್ನೂ ಆರಿಸಿದೀನಿ. ಯಾಕೆ?"

"ಮತ್ತೆ ಇದು ಯಾಕೆ ಕಣ್ಣು ಹೊಡೀತಾ ಇದೆ?"

"ನಿಮ್ಮನ್ನ ನೋಡಿ ಹೊಡೀತಿರಬಹುದು. ಇಳೀರಿ ಕೆಳಗೆ, ಸ್ಟೂಲಿನ ಕಾಲು ಅಲ್ಲಾಡ್ತಿದೆ."

ಗಂಜಿಯಣ್ಣನಿಗೆ ನಗು ಬರಲಿಲ್ಲ. ಈಚೆಗೆ ಕರೆಂಟ್ ಬಿಲ್ಲು ಉಬ್ಬಿಕೊಂಡೇ ಬರುತ್ತಿತ್ತು. ಯಾಕೆಂದು ಅವನಿಗೆ ತಲೆಬುಡ ತಿಳಿದಿರಲಿಲ್ಲ. ಬಟ್ಟೆಗೆ ಗಂಜಿ ಹಾಕಿ ರಟ್ಟಿನ ಹಾಗೆ ನಿಲ್ಲಿಸುತ್ತಾನೆಂದು ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಅವನ ಮನಸ್ಸೂ ಹಾಗೆಯೇ. ಒಂದು ಮಡಿಕೆ ಬಿದ್ದರೆ ಸುಲಭಕ್ಕೆ ಹೋಗುತ್ತಿರಲಿಲ್ಲ. ಆ ಬೆಳಗ್ಗೆ ಬಿದ್ದ ಮಡಿಕೆ ಅವನ ತಂಗಿಯ ಕಡೆಗೆ.

ತಂಗಿ ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು ಹಿಡಿದು ಅಣ್ಣನ ಮನೆಗೆ ಬಂದವಳು. ತಾನು ಹೊಲಿದದ್ದರಲ್ಲೇ ತನ್ನ ಖರ್ಚು ನೋಡಿಕೊಳ್ಳುತ್ತಿದ್ದಳು. ಮೊಣಕಾಲು ನೋವು ಹೆಚ್ಚಾಯಿತೆಂದು ಕಾಲಲ್ಲಿ ತುಳಿಯುವ ಮಿಷನ್ನಿಗೆ ಕೆಲವು ತಿಂಗಳ ಹಿಂದೆ ಮೋಟಾರು ಹಾಕಿಸಿದ್ದಳು. ಬಿಲ್ಲು ಉಬ್ಬತೊಡಗಿದ್ದೂ ಸುಮಾರು ಆಗಲೇ. ಎರಡನ್ನೂ ಕೂಡಿಸಿ ನೋಡಲು ಗಂಜಿಯಣ್ಣನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ತಂಗಿಯ ಕೋಣೆಗೆ ಒತ್ತಿಕೊಂಡು ಒಗೆಯುವ ಕೋಣೆ. ಅದು ತಾಯಿಯ ರಾಜ್ಯ. ಬಟ್ಟೆ ಒಗೆಯುವ ದೊಡ್ಡ ಮಿಷನ್ನು ಅಪ್ಪನ ಕಾಲದ್ದು. ನೀರನ್ನೂ ತಾನೇ ಕಾಯಿಸಿಕೊಳ್ಳುತ್ತಿತ್ತು. ಅಂಚೆಲ್ಲ ತುಕ್ಕು ಹಿಡಿದಿದ್ದರೂ ತಾಯಿ ಅದರ ಮೈಯನ್ನು ದಿನಾ ಒರೆಸುತ್ತಿದ್ದಳು. ಆ ಕೋಣೆಗೆ ಅಪ್ಪ ಮಾಡಿದ ಒಂದು ಕಟ್ಟಳೆಯಿತ್ತು. ಒಳಗೆ ಯಾರೂ ಚಪ್ಪಲಿ ಹಾಕಬಾರದು. ಚಪ್ಪಲಿಯ ಮಣ್ಣು ಒಗೆದ ಬಟ್ಟೆಗೆ ತಾಗಿದರೆ ಗಿರಾಕಿ ಮತ್ತೆ ಬರುವುದಿಲ್ಲ ಎಂದು. ಅಪ್ಪ ಹೋದರೂ ಕಟ್ಟಳೆ ಹೋಗಿರಲಿಲ್ಲ. ಸದಾ ಒದ್ದೆಯಾಗಿರುತ್ತಿದ್ದ ಆ ನೆಲದ ಮೇಲೆ ಎಲ್ಲರೂ ಬರಿಗಾಲಲ್ಲೇ ಓಡಾಡುತ್ತಿದ್ದರು. ತಂಗಿ ಮಾತ್ರ ಹಿಮ್ಮಡಿ ಒಡೆದಿದೆಯೆಂದು ರಬ್ಬರ್ ಚಪ್ಪಲಿಯಲ್ಲೇ ನುಗ್ಗುತ್ತಿದ್ದಳು. ತಾಯಿಯಿಂದ ಬೈಸಿಕೊಳ್ಳುತ್ತಿದ್ದಳು.

ಆ ತಾಯಿಗೆ ಈಚೆಗೆ ಒಂದು ತೊಂದರೆ. ಮಿಷನ್ನಿನಿಂದ ಬಟ್ಟೆ ಎತ್ತುವಾಗ ಬೆರಳು ಜುಂ ಅನ್ನುತ್ತಿತ್ತು.

"ಇರುವೆ ಕಚ್ಚಿದ ಹಾಗೆ ಕಣೋ," ಎನ್ನುತ್ತಿದ್ದಳು.

"ವಯಸ್ಸಾಯ್ತಲ್ಲಮ್ಮ, ನರ ವೀಕು," ಎಂದು ಗಂಜಿಯಣ್ಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಕೈ ಜೋಮು ಹಿಡಿಯುತ್ತದೆಂದು ಇವನೇ ಹೇಳಿದ. ಅವರು ಜೋಮಿಗೆ ಮಾತ್ರೆ ಕೊಟ್ಟರು. ತಾಯಿ ಮಾತ್ರೆ ನುಂಗುತ್ತಿದ್ದಳು. ಬೆರಳು ಜುಂ ಅನ್ನುತ್ತಲೇ ಇತ್ತು.

ಬೀದಿಯ ತಿರುವಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಅದನ್ನು ನಡೆಸುತ್ತಿದ್ದವಳು ಸುರುಳಿಯಕ್ಕ. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ತಾಮ್ರದ ತಂತಿಯನ್ನು ಹೊಸದಾಗಿ ಸುರುಳಿ ಸುತ್ತಿ ಕೂರಿಸುವುದು ಅವಳ ಕಸುಬು. ಗಂಜಿಯಣ್ಣ ಅವಳಲ್ಲಿಗೆ ಹೋದ.

"ಅಕ್ಕಾ, ಯಾವುದು ಎಷ್ಟು ಕರೆಂಟು ತಿನ್ನುತ್ತೆ ಅಂತ ನೋಡೋಕೆ ಏನಾದ್ರೂ ಇದೆಯಾ?"

ಸುರುಳಿಯಕ್ಕ ಗೂಡಿನಿಂದ ಒಂದು ಸಾಮಾನು ತೆಗೆದಳು. ಅಂಗೈಯಷ್ಟಿನ ಮೀಟರು. ತಲೆಯ ಮೇಲೆ ಏಡಿಯ ಕೊಂಬಿನಂಥ ಇಕ್ಕಳ. ಒತ್ತಿದರೆ ಬಾಯಿ ತೆರೆಯುತ್ತಿತ್ತು.

"ಕ್ಲ್ಯಾಂಪ್ ಮೀಟರ್ ಅಂತಾರೆ. ತಂತಿ ಈ ಬಾಯೊಳಗೆ ಬರಬೇಕು. ಬಾಯಿ ಮುಚ್ಚು, ಅಂಕಿ ನೋಡು. ಕತ್ತರಿಸೋದು ಬೇಡ, ಬಿಚ್ಚೋದು ಬೇಡ."

"ತಂತಿ ಮುಟ್ಟದೇನೇ ಗೊತ್ತಾಗುತ್ತಾ? ಯಾರಿಗೆ ಹೇಳ್ತೀಯಕ್ಕ!"

"ಕರೆಂಟು ಹರಿಯೋ ತಂತಿ ಸುತ್ತ ಅಯಸ್ಕಾಂತದ ಸೆಳೆತ ಇರುತ್ತಪ್ಪ. ಹೆಚ್ಚು ಕರೆಂಟು ಹರಿದ್ರೆ ಹೆಚ್ಚು ಸೆಳೆತ. ಇದು ಅದನ್ನ ಅಳೆಯುತ್ತೆ. ಇನ್ನೊಂದು ಮಾತು ಸರಿಯಾಗಿ ಕೇಳಿಸ್ಕೋ..."

ಅಷ್ಟರಲ್ಲಿ ಯಾರೋ ಸುಟ್ಟ ಪಂಪು ಹೊತ್ತು ತಂದರು. ಅವಳು ಅತ್ತ ತಿರುಗಿದಳು. ಇವನು ಮೀಟರು ಹಿಡಿದು ಇತ್ತ ಹೊರಟೇಬಿಟ್ಟ.

ಮನೆಗೆ ಬಂದವನು ಮೊದಲು ಇಸ್ತ್ರಿಪೆಟ್ಟಿಗೆಯ ವೈರನ್ನು ಇಕ್ಕಳದ ಬಾಯಿಗೆ ಕೊಟ್ಟ. ಪೆಟ್ಟಿಗೆ ಕಾದು ಒದ್ದೆ ಬಟ್ಟೆಯ ಮೇಲೆ ಚುಸ್ ಎನ್ನುತ್ತಿತ್ತು. ಮೀಟರು ಸೊನ್ನೆ ತೋರಿಸಿತು. ಅಲ್ಲಾಡಿಸಿ ನೋಡಿದ, ಸೊನ್ನೆ. ಫ್ರಿಜ್ಜಿಗೆ ಹಾಕಿದ, ಸೊನ್ನೆ. ನಿಲ್ಲಿಸುವ ಫ್ಯಾನಿಗೆ ಹಾಕಿದ, ಸೊನ್ನೆ.

"ಇದಕ್ಕೇನು ರೋಗ?" ಎಂದ.

ಒಗೆಯುವ ಮಿಷನ್ನಿಗೆ ಹಾಕಿದಾಗ ಒಂದು ಪುಟ್ಟ ಅಂಕಿ ಬಂತು. ಬಟ್ಟೆ ತಿರುಗುತ್ತಿದ್ದಾಗ ಎಷ್ಟೋ, ಸ್ವಿಚ್ಚು ಆರಿಸಿದಾಗಲೂ ಅಷ್ಟೇ. ಆರಿಸಿದ ಮೇಲೂ ಅಂಕಿಯೇ? ಗಂಜಿಯಣ್ಣ ತಲೆ ಕೆರೆದುಕೊಂಡ. ಏನೋ ಇರಬೇಕೆಂದು ಬಿಟ್ಟ.

ಕೊನೆಗೆ ತಂಗಿಯ ಕೋಣೆಗೆ ಬಂದ. ಅವಳು ದಿಂಬಿನ ಕವರು ಹೊಲಿಯುತ್ತಿದ್ದಳು. ಅವಳ ಮಿಷನ್ನಿನ ವೈರು ಹಳೆಯ ಕಾಲದ್ದು. ಎರಡು ತಂತಿಯನ್ನು ಜಡೆಯ ಹಾಗೆ ಹೆಣೆದದ್ದು, ಹೆಣಿಗೆ ನಡುವೆ ಬಿಚ್ಚಿಕೊಂಡಿತ್ತು. ಕೈಗೆ ಸಿಕ್ಕ ಒಂದೆಳೆಯನ್ನು ಇಕ್ಕಳದ ಬಾಯೊಳಗೆ ಬಿಟ್ಟ. ಅಂಕಿ ಎದ್ದಿತು. ಒಗೆಯುವ ಮಿಷನ್ನಿಗಿಂತ ದೊಡ್ಡ ಅಂಕಿ.

"ನೋಡಿದ್ಯಾ?" ಎಂದ, ಮೀಟರನ್ನು ಅವಳ ಮುಖಕ್ಕೆ ಹಿಡಿದು. "ಇಡೀ ಮನೇಲಿ ತಿನ್ನೋದು ನಿನ್ನ ಮಿಷನ್ನೊಂದೇ!"

"ಏನಣ್ಣ ಇದು?"

"ಕರೆಂಟು ಅಳೆಯೋದು. ಇಸ್ತ್ರಿಪೆಟ್ಟಿಗೆ ಸೊನ್ನೆ, ಫ್ರಿಜ್ಜು ಸೊನ್ನೆ. ನಿನ್ನದು ಇಷ್ಟು!"

ತಂಗಿ ದಾರ ಕಡಿದು ತಲೆಯೆತ್ತಿದಳು. "ಇಸ್ತ್ರಿಪೆಟ್ಟಿಗೆ ಸೊನ್ನೆ ಆದ್ರೆ ಅದು ಕಾಯೋದು ಯಾತಕ್ಕಣ್ಣ? ನಿನ್ನ ಕೋಪಕ್ಕಾ?"

"ಮಾತು ಮರೆಸಬೇಡ. ಬೆಳಗ್ಗೆ ಎಲ್ಲಾ ಆರಿಸಿದ್ರೂ ಮೀಟರು ಓಡ್ತಿತ್ತು."

"ಬೆಳಗ್ಗೆ ನಾನು ಮನೇಲೇ ಇರ್ಲಿಲ್ಲ. ಹೊಲಿದಿದ್ದು ಕೊಟ್ಟು ಬರೋಕೆ ಹೋಗಿದ್ದೆ."

"ಹಾಕಿದ್ದನ್ನ ಹಾಗೇ ಬಿಟ್ಟು ಹೋಗಿರ್ತೀಯ. ನಿನ್ನ ಮನೆ ಆಗಿದ್ರೆ ಆರಿಸಿ ಹೋಗ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅಯ್ಯೋ, ಎಂಥ ಮಾತಾಡಿಬಿಟ್ರಿ!" ಎಂದಳು. ತಂಗಿ ದಿಂಬಿನ ಕವರನ್ನು ಮಡಚಿಟ್ಟಳು. ಮಿಷನ್ನಿನ ಮೇಲೆ ಮುಚ್ಚಳ ಹಾಕಿದಳು.

"ಗುರುವಾರ ಗಾಡಿ ಹೇಳ್ತೀನಿ. ನನ್ನ ಗೆಳತಿ ಕೋಣೇಲಿ ಜಾಗ ಇದೆ. ಇನ್ಮೇಲೆ ನಿನ್ನ ಮೀಟರು ನಿದ್ದೆ ಮಾಡಲಿ," ಎಂದಳು.

ಗಂಜಿಯಣ್ಣನಿಗೆ ಮುಂದಿನ ಎರಡು ದಿನ ಅನ್ನ ರುಚಿಸಲಿಲ್ಲ. ತಂಗಿ ಹೋಗಬೇಕೆಂದು ಅವನಿಗೆ ಆಸೆಯೇನೂ ಇರಲಿಲ್ಲ. ಹೋಗಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಅಂಕಿ ಸುಳ್ಳು ಹೇಳುತ್ತದೆಯೇ ಎಂದು ಒಂದು ಸಲ. ಹಾಗಾದರೆ ಇಸ್ತ್ರಿಪೆಟ್ಟಿಗೆ ಯಾಕೆ ಸೊನ್ನೆ ಎಂದು ಇನ್ನೊಂದು ಸಲ. ಹೀಗೆ ಯೋಚಿಸುತ್ತ ಬಿಳಿ ಅಂಗಿಗೆ ಹಾಕಬೇಕಾದ ನೀಲಿಯನ್ನು ಹಳದಿ ಅಂಗಿಗೆ ಹಾಕಿದ.

ತಂಗಿಯ ಮಿಷನ್ನು ಸದ್ದು ನಿಲ್ಲಿಸಿತ್ತು. ಆದರೂ ಎಲ್ಲ ಆರಿಸಿ ನೋಡಿದರೆ ಮೀಟರಿನ ದೀಪ ಮಿನುಗುತ್ತಲೇ ಇತ್ತು. ಅದನ್ನು ನೋಡಿ ಅವನ ತಲೆ ಇನ್ನೂ ಕೆಟ್ಟಿತು.

ಮಂಗಳವಾರ ಸಂಜೆ ಸುರುಳಿಯಕ್ಕ ತನ್ನ ಮೀಟರು ಕೇಳಿಕೊಂಡು ಬಂದಳು.

"ತಗೋ ನಿನ್ನ ಡಕೋಟಾ," ಎಂದ ಗಂಜಿಯಣ್ಣ. "ಕಾದ ಇಸ್ತ್ರಿಪೆಟ್ಟಿಗೆಗೆ ಸೊನ್ನೆ ತೋರಿಸುತ್ತೆ."

"ವೈರು ಹೇಗೆ ಹಾಕಿದೆ, ತೋರಿಸು."

ತೋರಿಸಿದ. ಸುರುಳಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಲೋ ಗಂಜಿ, ಈ ವೈರಿನ ಒಳಗೆ ಎಷ್ಟು ತಂತಿ ಇದೆ? ಒಂದರಲ್ಲಿ ಕರೆಂಟು ಬರುತ್ತೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತೆ. ಎರಡನ್ನೂ ಒಟ್ಟಿಗೆ ಹಿಡಿದ್ರೆ ಸೊನ್ನೆನೇ ಬರೋದು. ಒಂದೇ ತಂತಿ ಹಿಡೀಬೇಕು. ಅದನ್ನ ಹೇಳೋಕೆ ಮುಂಚೆ ಓಡಿಬಿಟ್ಟೆ."

"ಎರಡು ಹಿಡಿದ್ರೆ ಎರಡರಷ್ಟು ಬರಬೇಕಲ್ಲ?"

"ನೀನೂ ನಿನ್ನ ಹೆಂಡತೀನೂ ಹೊದಿಕೆ ಮಡಚೋವಾಗ ಏನು ಮಾಡ್ತೀರಿ? ಅವಳು ಆ ತುದಿ, ನೀನು ಈ ತುದಿ ಹಿಡಿದು ಜಗ್ಗುತ್ತೀರಿ. ಇಬ್ಬರೂ ಸಮ ಜಗ್ಗಿದ್ರೆ ಹೊದಿಕೆ ಎತ್ಲಾಗೂ ಸರಿಯಲ್ಲ. ಹಾಗಂತ ಯಾರೂ ಜಗ್ಗುತ್ತಿಲ್ಲ ಅನ್ನೋಕಾಗುತ್ತಾ?"

"ಇವರು ಜಗ್ಗೋದು ಕಮ್ಮೀನೇ," ಎಂದಳು ಹೆಂಡತಿ ಒಳಗಿನಿಂದ.

ಸುರುಳಿಯಕ್ಕ ಚೀಲದಿಂದ ಒಂದು ತುಂಡು ವೈರು ತೆಗೆದಳು. ಒಂದು ತುದಿಗೆ ಪ್ಲಗ್ಗು, ಇನ್ನೊಂದಕ್ಕೆ ಸಾಕೆಟ್ಟು. ನಡುವೆ ಒಳಗಿನ ತಂತಿಗಳನ್ನು, ಅವುಗಳ ರಬ್ಬರ್ ಹೊದಿಕೆ ಹರಿಯದ ಹಾಗೆ, ಬೇರೆ ಬೇರೆ ಬಿಡಿಸಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ಅದಕ್ಕೆ ಚುಚ್ಚಿ, ಒಂದೇ ತಂತಿಗೆ ಇಕ್ಕಳ ಹಾಕಿದಳು. ಅಂಕಿ ಚಂಗನೆ ಎದ್ದಿತು. ಆಮೇಲೆ ತಂಗಿಯ ಮಿಷನ್ನು ತರಿಸಿ ಓಡಿಸಿದಳು.

"ನೋಡು. ಇಸ್ತ್ರಿಪೆಟ್ಟಿಗೆ ಮುಂದೆ ಇದು ಚಿಟಿಕೆಯಷ್ಟು. ನಿನ್ನ ತಂಗಿ ವೈರು ಹೆಣಿಗೆ ಬಿಟ್ಟಿತ್ತು ಅಂತ ಒಂದು ತಂತಿ ಸಿಕ್ಕಿದೆ. ಮನೇಲಿ ನೀನು ಸರಿಯಾಗಿ ಅಳೆದಿದ್ದು ಅದೊಂದನ್ನೇ."

ತಂಗಿ ವೈರನ್ನು ಸುತ್ತಿ ಮಿಷನ್ನಿನ ಮೇಲೆ ಮತ್ತೆ ಮುಚ್ಚಳ ಹಾಕಿದಳು. ಗಂಜಿಯಣ್ಣ ನೆಲ ನೋಡಿದ. ಮರ್ಯಾದೆ ಉಳಿಸಿಕೊಳ್ಳಲು ಏನಾದರೂ ಒಂದು ಬೇಕಿತ್ತು.

"ಆದ್ರೂ ನಿನ್ನ ಮೀಟರು ಸರಿ ಇಲ್ಲಕ್ಕ. ಎರಡು ತಂತಿ ಹಿಡಿದ್ರೆ ಸೊನ್ನೆ ಅಂತೀಯ. ಒಗೆಯೋ ಮಿಷನ್ನಿಗೆ ಇಡೀ ವೈರು ಹಿಡಿದ್ರೂ ಅಂಕಿ ಬಂತು. ಸ್ವಿಚ್ಚು ಆರಿಸಿದ್ರೂ ಬಂತು."

ಸುರುಳಿಯಕ್ಕನ ನಗು ನಿಂತಿತು.

"ಆರಿಸಿದ ಮೇಲೂ ಬಂತಾ?"

"ಹೂಂ. ಪುಟ್ಟ ಅಂಕಿ."

"ಅಮ್ಮ ಎಲ್ಲಿ?"

"ಒಗೆಯೋ ಕೋಣೇಲಿ. ಯಾಕೆ?"

"ಕಾಲಿಗೆ ಚಪ್ಪಲಿ ಹಾಕಿದಾರಾ?"

"ಆ ಕೋಣೇಲಿ ಚಪ್ಪಲಿ ಹಾಕೋ ಹಾಗಿಲ್ಲಕ್ಕ, ನಮ್ಮಪ್ಪ..."

ಅವನ ಮಾತು ಮುಗಿಯುವ ಮೊದಲೇ ಸುರುಳಿಯಕ್ಕ ಮೀಟರ್ ಪೆಟ್ಟಿಗೆಯ ಕಡೆ ಓಡಿದಳು. "ಅಮ್ಮಾ, ಮಿಷನ್ನು ಮುಟ್ಟಬೇಡಿ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿ ಮೇನ್ ಸ್ವಿಚ್ಚು ಕೆಳಗೆ ಎಳೆದಳು. ಮನೆ ಮಬ್ಬಾಯಿತು. ಎಲ್ಲರೂ ಹಿಂದಕ್ಕೆ ಓಡಿದರು. ತಾಯಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಎರಡೂ ಕೈ ಮಿಷನ್ನಿನ ಬಾಯಿಯ ಹತ್ತಿರ ಗಾಳಿಯಲ್ಲೇ ನಿಂತಿದ್ದವು.

"ಏನ್ರೇ, ಮನೆಗೆ ಬೆಂಕಿ ಬಿದ್ದ ಹಾಗೆ ಕೂಗ್ತೀರಲ್ಲ?" ಎಂದಳು.

"ಅಮ್ಮಾ, ಇದನ್ನ ಮುಟ್ಟಿದಾಗ ನಿಮಗೆ ಏನಾದ್ರೂ ಆಗುತ್ತಾ?"

"ಬೆರಳು ಜುಂ ಅನ್ನುತ್ತೆ. ನರ ವೀಕಂತೆ. ಮಾತ್ರೆ ತಗೋತಿದೀನಲ್ಲ."

ಸುರುಳಿಯಕ್ಕ ಟಾರ್ಚು ತರಿಸಿ, ಮಿಷನ್ನಿನ ಹಿಂದೆ ಬಗ್ಗಿ ಪ್ಲಗ್ಗು ಕಿತ್ತು ತಂದಳು. ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಅದಕ್ಕೆ ಕೂರಿಸಲು ಯಾರೋ ಯಾವ ಕಾಲದಲ್ಲೋ ಪ್ಲಗ್ಗಿನ ಮೂರನೇ ಪಿನ್ನು ಮುರಿದಿದ್ದರು.

"ಈ ಮೂರನೇ ಪಿನ್ನು ದಪ್ಪಗಿದೆ ಅಂತ ಮುರಿಯೋದಲ್ಲಪ್ಪ. ಇದು ಅರ್ಥಿಂಗಿಂದು. ಒಳಗೆ ಕರೆಂಟು ಸೋರಿದ್ರೆ ಇದು ಅದನ್ನ ನೆಲಕ್ಕೆ ಕರ್ಕೊಂಡು ಹೋಗುತ್ತೆ. ಇದಿಲ್ಲ. ನಿಮ್ಮ ಮಿಷನ್ನಲ್ಲಿ ನೀರು ಕಾಯಿಸೋ ಸರಳು ಹಳೇದಾಗಿ ಸೋರ್ತಿದೆ. ಸೋರಿದ್ದು ಮಿಷನ್ನಿನ ಮೈಗೆ ಬರ್ತಿದೆ. ಅಲ್ಲಿಂದ ತುಕ್ಕು ಹಿಡಿದ ಕಾಲು, ಒದ್ದೆ ನೆಲ. ಅಮ್ಮ ಮುಟ್ಟಿದ್ರೆ ಅಮ್ಮನ ಮೈಯಲ್ಲೂ ಅಷ್ಟು."

"ಸ್ವಿಚ್ಚು ಆರಿಸಿರ್ತೀವಲ್ಲ?" ಎಂದ ಗಂಜಿಯಣ್ಣ.

ಅವಳು ಸ್ವಿಚ್ಚಿನ ಮುಚ್ಚಳ ಬಿಚ್ಚಿ ತೋರಿಸಿದಳು. "ತಪ್ಪು ತಂತಿಗೆ ಕೂರಿಸಿದಾರೆ. ಕರೆಂಟು ಬರೋ ತಂತಿ ತಡೀಬೇಕಾಗಿದ್ದು, ವಾಪಸ್ ಹೋಗೋ ತಂತಿ ತಡೀತಿದೆ. ನೀವು ಆರಿಸಿದ್ರೂ ಕರೆಂಟು ಮಿಷನ್ನೊಳಗೆ ಕೂತೇ ಇರುತ್ತೆ, ಹಗಲೂ ರಾತ್ರಿ ಸೋರುತ್ತೆ. ನಿನ್ನ ಮೀಟರು ಕಣ್ಣು ಹೊಡೀತಿದ್ದದ್ದು ಅದಕ್ಕೆ."

"ಹಾಗಾದ್ರೆ ಸೊನ್ನೆ ಬಂದಿದ್ದೇ ಒಳ್ಳೇದಾ?"

"ಎರಡೂ ತಂತಿ ಹಿಡಿದಾಗ ಸೊನ್ನೆನೇ ಬರಬೇಕು. ಹೋದದ್ದೆಲ್ಲ ವಾಪಸ್ ಬಂತು ಅಂತ ಅರ್ಥ. ಬರ್ಲಿಲ್ಲ ಅಂದ್ರೆ ಬೇರೆ ಯಾವುದೋ ದಾರೀಲಿ ಹೋಗ್ತಿದೆ ಅಂತ. ನಿಮ್ಮಮ್ಮ ಮಿಷನ್ನು ಮುಟ್ಟಿದಾಗೆಲ್ಲ ಆ ದಾರಿ ಅವರೇ ಆಗ್ತಿದ್ರು."

ಗಂಜಿಯಣ್ಣನಿಗೆ ಸೊನ್ನೆಯ ಲೆಕ್ಕ ಆಗಲೂ ಪೂರ್ತಿ ತಲೆಗೆ ಹೋಗಲಿಲ್ಲ. ತಾಯಿಯ ಬರಿಗಾಲು ಮಾತ್ರ ಕಣ್ಣಿಗೆ ಕಟ್ಟಿತ್ತು. ಬೆರಳುಗಳ ಸಂದಿಯಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

ಕಿತ್ತ ಪ್ಲಗ್ಗನ್ನು ಹಾಗೇ ಬಿಟ್ಟು, ಸ್ವಿಚ್ಚು ಸರಿಪಡಿಸಿ, ಸುರುಳಿಯಕ್ಕ ಮತ್ತೆ ಮೇನ್ ಹಾಕಿದಳು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಎಲ್ಲರೂ ಮೀಟರಿನ ಕೆಳಗೆ ಕತ್ತೆತ್ತಿ ನಿಂತರು. ಕೆಂಪು ದೀಪ ಮಿನುಗಲಿಲ್ಲ. ಕಾದರು. ಮಿನುಗಲಿಲ್ಲ.

"ಕಣ್ಣು ಹೊಡೆಯೋದು ಬಿಡ್ತು," ಎಂದಳು ಹೆಂಡತಿ.

ತಂಗಿ ಅಣ್ಣನ ಕಡೆ ತಿರುಗಿದಳು. "ಅಂಕಿ ಸರಿಹೋಯ್ತು. ನೀನಾಡಿದ ಮಾತು?"

"ತಪ್ಪಾಯ್ತು ಕಣೇ," ಎಂದ. "ನನಗೆ ಬೇಕಾಗಿದ್ದ ಅಂಕಿ ನಂಬಿದೆ. ಬೇಡದ್ದನ್ನ ಬಿಟ್ಟೆ. ಬಿಟ್ಟದ್ದರಲ್ಲೇ ಅಮ್ಮ ಇದ್ಲು."

"ಗಾಡಿಯವನಿಗೆ ಗುರುವಾರ ಬಾ ಅಂದಾಗಿದೆ," ಎಂದಳು ತಂಗಿ. ಅಷ್ಟು ಹೇಳಿ ಒಳಗೆ ಹೋದಳು. ಸುರುಳಿಯಕ್ಕನೂ ಮೀಟರು ಚೀಲಕ್ಕೆ ಹಾಕಿಕೊಂಡು ಎದ್ದಳು.

ಮರುದಿನ ಅವಳು ಮತ್ತೆ ಬಂದು ಮೇನಿನ ಪಕ್ಕ ಹೊಸ ಸ್ವಿಚ್ಚೊಂದನ್ನು ಕೂರಿಸಿದಳು. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು. ಅದರ ಒಳಗೂ ಎರಡು ತಂತಿಯನ್ನು ಒಟ್ಟಿಗೆ ಹಿಡಿಯುವ ಉಂಗುರವೊಂದಿದೆಯಂತೆ. ಸೊನ್ನೆ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆಯಂತೆ. ಒಗೆಯುವ ಕೋಣೆಗೆ ಮೂರು ತೂತಿನ ಸಾಕೆಟ್ಟು, ಅರ್ಥಿಂಗ್ ತಂತಿ ಬಂದವು. ಗಂಜಿಯಣ್ಣ ಮನೆಮಂದಿಗೆಲ್ಲ ರಬ್ಬರ್ ಚಪ್ಪಲಿ ತಂದ. ಆ ಕೋಣೆಯ ಬಾಗಿಲಲ್ಲೇ ಇರಬೇಕು, ಹೊರಗೆ ಹಾಕಬಾರದು ಎಂದ. ಅಪ್ಪನ ಕಟ್ಟಳೆಯೂ ಉಳಿಯಿತು, ಕಾಲೂ ಉಳಿಯಿತು.

ಗುರುವಾರದ ಮಾತು ಹೇಳುವ ಮೊದಲು, ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಎಲ್ಲ ಸ್ವಿಚ್ಚು ಆರಿಸಿ ಒಮ್ಮೆ ಮೀಟರಿನ ಕೆಳಗೆ ನಿಂತು ನೋಡಿ. ದೀಪ ಮಿನುಗುತ್ತಲೇ ಇದ್ದರೆ ಮನೆಯವರನ್ನು ಬೈಯಬೇಡಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಇಕ್ಕಳದ ಮೀಟರು ಹಾಕಿ ನೋಡಿ ಎಂದು ಕೇಳಿ. ಒಂದೇ ತಂತಿಗೆ ಹಾಕಿದರೆ ಯಾವುದು ಎಷ್ಟು ಕರೆಂಟು ಎಳೆಯುತ್ತದೆಂದು ಗೊತ್ತಾಗುತ್ತದೆ, ಎರಡಕ್ಕೂ ಸೇರಿಸಿ ಹಾಕಿದರೆ ಸೋರಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ವೈರು ಬಿಡಿಸುವ ಕೆಲಸಕ್ಕೆ ನೀವೇ ಕೈ ಹಾಕಬೇಡಿ. ಪ್ಲಗ್ಗಿನ ಮೂರನೇ ಪಿನ್ನನ್ನು ಯಾರೇ ಹೇಳಿದರೂ ಮುರಿಯಬೇಡಿ. ಸೋರಿದರೆ ಬೀಳುವ ಸ್ವಿಚ್ಚು ಹಾಕಿಸಿ. ಮನೆಯಲ್ಲಿ ವಯಸ್ಸಾದವರು ಒಂದು ಸಾಮಾನು ಮುಟ್ಟಿದಾಗ ಬೆರಳು ಜುಂ ಅನ್ನುತ್ತದೆ ಎಂದರೆ ಮೊದಲು ಮೇನ್ ಆರಿಸಿ, ಆ ಸಾಮಾನು ನೋಡಿಸಿ. ನರದ ಮಾತು ಆಮೇಲೆ.

ಗಾಡಿ ಗುರುವಾರ ಬೆಳಗ್ಗೆಯೇ ಬಂತು. ತಂಗಿಯ ಟ್ರಂಕು ಕಟ್ಟಿಯೇ ಇತ್ತು. ಗಂಜಿಯಣ್ಣ ಹೋಗಿ ಅದರ ಮೇಲೆ ಕುಳಿತ.

"ಏಳಣ್ಣ. ಗಾಡಿಯವನು ಕಾಯ್ತಿದಾನೆ."

"ಕಾಯಲಿ. ಬಂದ ಗಾಡೀನ ಬರಿದಾಗಿ ಕಳಿಸಬಾರದು ನಿಜ. ನೀನು ಆ ಕಡೆ ಹಿಡಿ, ನಾನು ಈ ಕಡೆ ಹಿಡೀತೀನಿ," ಎಂದು ಒಗೆಯುವ ಕೋಣೆಯ ಕಡೆ ಕೈ ತೋರಿಸಿದ.

ತಂಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸಮ ಹಿಡೀಬೇಕು ಮತ್ತೆ," ಎಂದಳು.

ಒಗೆಯುವ ಮಿಷನ್ನು ಹೊರಗೆ ಬಂತು. ತಾಯಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಂದು ಅದರ ಮೈಯನ್ನು ಕೊನೆಯ ಸಲ ಸೆರಗಿನಿಂದ ಒರೆಸಿದಳು. ಬೆರಳು ಜುಂ ಅನ್ನಲಿಲ್ಲ. ಗಾಡಿ ಗುಜರಿಯ ದಾರಿ ಹಿಡಿಯಿತು. ಆ ಮನೆಯಿಂದ ಆ ಗುರುವಾರ ಹೋದದ್ದು ಮಿಷನ್ನೊಂದೇ.